ತಲೆದಿಂಬಿನ ಮಗಳು

ಪ್ರೀತಿಯ ಮರಿಗೆ,

ನೀನು ಕಳಿಸಿದ ಮೊಟ್ಟೆ ತಲುಪಿತು. ಒಡೆದು ಮರಿ ಹೊರಗೆ ಬಂದದ್ದೂ ಆಯಿತು. ತಾಯಿ, ಮಗು ಇಬ್ಬರೂ ಕ್ಷೇಮ ಎಂದು ಬರೆಯೋಣವೆಂದರೆ ಇಲ್ಲಿ ತಾಯಿ ಯಾರು ಎನ್ನುವುದೇ ಒಂದು ದೊಡ್ಡ ಕತೆ. ಅದಕ್ಕೆ ಆಮೇಲೆ ಬರುತ್ತೇನೆ. ನಾನು ಚೆನ್ನಾಗಿದ್ದೇನೆ. ಈ ಹೊಸ ಮನೆಯಲ್ಲಿ ಅಡುಗೆಮನೆಯ ನಲ್ಲಿ ಸೋರುತ್ತದೆ, ಮೇಲಿನ ಮನೆಯವರು ಹೊತ್ತುಗೊತ್ತಿಲ್ಲದೆ ಕುರ್ಚಿ ಎಳೆದಾಡುತ್ತಾರೆ, ಉಳಿದಂತೆ ಏನೂ ತೊಂದರೆಯಿಲ್ಲ.

ಇದನ್ನು ಫೋನಿನಲ್ಲೇ ಬರೆದು ಕಳಿಸಬಹುದಿತ್ತು. ಆದರೆ ಅಲ್ಲಿ ನಮ್ಮ ಹಳೆಯ ಮಾತುಕತೆ ಹಾಗೇ ಕೂತಿದೆ. ಕೊನೆಯದಾಗಿ ನಾನು ಕೇಳಿದ್ದು, "ಮತ್ತೆ ಹೆಣ್ಣೇ, ಬಿಟ್ಬಿಡ್ಲಾ?" ನೀನು ಹೇಳಿದ್ದು, "ಬಿಡಿ ಅತ್ತಿಗೆ." ಅದಾದ ಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಅದರ ಕೆಳಗೆ ಈಗ ಇದ್ದಕ್ಕಿದ್ದಂತೆ "ಹೇಗಿದ್ದೀಯ?" ಎಂದು ಬರೆಯಲು ಕೈ ಬರಲಿಲ್ಲ ಕಣೇ. ಬಾಯಿಬಡುಕಿ ಎಂದು ಊರಿಗೆಲ್ಲ ಹೆಸರಾದವಳು ಒಂದು ಸಾಲು ಬರೆಯಲು ಒದ್ದಾಡಿದ್ದನ್ನು ನೋಡಿದ್ದರೆ ನೀನು ಬಿದ್ದು ಬಿದ್ದು ನಗುತ್ತಿದ್ದೆ. ಕೊನೆಗೆ ಅಂಗಡಿಗೆ ಹೋಗಿ ಗೆರೆ ಹಾಕಿದ ಕಾಗದ ತಂದೆ.

ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು. ನನಗೆ ಬೇಕಾಗಿರುವುದು ಒಂದೇ ಮಾತು. ನಿಮ್ಮಣ್ಣ ಮತ್ತು ನಾನು ಬೇರೆಯಾದೆವು, ಕಾಗದ ಪತ್ರಗಳಿಗೆ ಸಹಿ ಬಿತ್ತು, ಅದು ಮುಗಿದ ವಿಷಯ. ಅದರ ಜೊತೆಗೆ ನೀನೂ ನನ್ನ ಕೈತಪ್ಪಿ ಹೋದೆಯೋ, ಇಲ್ಲ ಉಳಿದಿದ್ದೀಯೋ? ಅಷ್ಟು ಗೊತ್ತಾದರೆ ಸಾಕು.

ನಾನು ಆ ಮನೆಗೆ ಬಂದಾಗ ನೀನು ಶಾಲೆಯ ಹುಡುಗಿ. ಬಟ್ಟೆ ಒಗೆಯುವ ಯಂತ್ರಕ್ಕೂ ಬಾಲ್ಕನಿಯ ಬಾಗಿಲಿಗೂ ನಡುವೆ ಒಬ್ಬರು ಮುದುಡಿಕೊಂಡು ಕೂರುವಷ್ಟು ಜಾಗವಿತ್ತಲ್ಲ, ಅಲ್ಲಿ ಮೊಣಕಾಲ ಮೇಲೆ ಪುಟ್ಟ ವಿಡಿಯೋ ಗೇಮು ಇಟ್ಟುಕೊಂಡು ಕೂತಿರುತ್ತಿದ್ದೆ. ಯಂತ್ರ ಗಡಗಡ ಎಂದರೆ ನೀನೂ ಅದರ ಜೊತೆ ಗಡಗಡ. ಮಾತು ಕಮ್ಮಿ. ಆಡುವ ಮಾತೂ ನಿಧಾನ. "ನಾಳೆ ನನಗೆ..." ಎಂದು ನೀನು ಶುರು ಮಾಡುವಷ್ಟರಲ್ಲಿ ನಿಮ್ಮಮ್ಮ "ಬಿಳಿ ಸಾಕ್ಸ್ ಬೇಕಾ? ಒಣಗಿದೆ" ಎನ್ನುತ್ತಿದ್ದರು. ನಿಮ್ಮಣ್ಣ "ಮೊದ್ದು, ಬೇಗ ಹೇಳೇ" ಎನ್ನುತ್ತಿದ್ದ. ಪ್ರೀತಿಯಿಂದಲೇ ಕರೆಯುತ್ತಿದ್ದ, ಇಲ್ಲವೆನ್ನುವುದಿಲ್ಲ, ಆದರೂ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಅದಕ್ಕೇ ನಾನು ಮರಿ ಎಂದು ಕರೆಯಲು ಶುರು ಮಾಡಿದ್ದು.

ಒಂದು ಭಾನುವಾರ ನಾನು ಹೊಸ ಸೊಸೆಯ ಗತ್ತೆಲ್ಲ ಬಿಟ್ಟು ನಿನ್ನ ಪಕ್ಕ ನೆಲದ ಮೇಲೆ ಕೂತೆ. ನಿನ್ನ ಪರದೆಯ ಮೇಲೆ ಗುಂಡಗೆ, ಕಪ್ಪಗೆ, ಎರಡು ಕಣ್ಣು ಬಿಟ್ಟರೆ ಬೇರೇನೂ ಇಲ್ಲದ ಒಂದು ಜೀವ. ಆಟದಲ್ಲಿ ಅದಕ್ಕೆ ಬಾಯಿ ತಿರುಗದಂಥ ಯಾವುದೋ ಹೆಸರು. ನಾನು ನೋಡಿದ ತಕ್ಷಣ "ಗುಂಡುಕಲ್ಲು" ಎಂದೆ, ಆ ಜಾತಿಗೆಲ್ಲ ಅದೇ ಹೆಸರು ಉಳಿಯಿತು. "ಇದು ಗೆಲ್ಲುತ್ತಾ?" ಎಂದು ಕೇಳಿದೆ. ನೀನು ಯೋಚಿಸಿದೆ. ನಾನು ಕಾದೆ. ಬಾಯಿ ಮುಚ್ಚಿಕೊಂಡು ಕಾಯುವುದು ನನಗೆ ಎಂಥ ಶಿಕ್ಷೆ ಅಂತೀಯ! ಕೊನೆಗೆ ನೀನು ಹೇಳಿದೆ, "ಇದು ಗೆಲ್ಲಲ್ಲ ಅತ್ತಿಗೆ. ಇದರ ಮಗಳು ಗೆಲ್ತಾಳೆ."

ಆ ಮಾತು ಕೇಳಿ ನಾನು ಆ ಆಟಕ್ಕೆ ಬಿದ್ದೆ. ಗಾಜು ಬಿರುಕುಬಿಟ್ಟ ಹಳೆಯ ಗೇಮೊಂದನ್ನು ಕೊಂಡುಕೊಂಡು ತಂದೆ. ನೀನು ಮೊದಲಿಂದ ಕಲಿಸಿದೆ. ಪ್ರತಿ ಜೀವಕ್ಕೂ ಆರು ಗುಣ: ಬಲ, ಗಟ್ಟಿತನ, ಉಸಿರು, ವೇಗ, ಹೀಗೆ. ಪ್ರತಿ ಗುಣಕ್ಕೂ ಒಂದು ಅಂಕ. ಎರಡನ್ನು ಸಾಕಣೆಮನೆಯಲ್ಲಿ ಬಿಟ್ಟರೆ ಮೊಟ್ಟೆ ಸಿಗುತ್ತದೆ. ಮರಿಗೆ ಕೆಲವು ಗುಣ ತಾಯಿಯಿಂದಲೋ ತಂದೆಯಿಂದಲೋ ಬರುತ್ತವೆ, ಉಳಿದದ್ದು ಆಟ ಕೊಟ್ಟ ಹಾಗೆ. ಆ ಉಳಿದದ್ದಕ್ಕೆ ನೀನು ಇಟ್ಟ ಹೆಸರು ಹಣೆಬರಹ. ಸಾಕಣೆಮನೆಯ ಅಜ್ಜಿಗೆ ಮೊಟ್ಟೆ ಕೊಟ್ಟರೆ ದೀಪಕ್ಕೆ ಹಿಡಿದು ಒಳಗಿರುವುದರ ಹಣೆಬರಹ ಓದಿ ಹೇಳುತ್ತಾಳೆ. ಬೇಡದ್ದನ್ನು ಬಿಟ್ಟುಬಿಡಬೇಕು. ಬೇಕಾದ್ದು ಸಿಗುವ ತನಕ ಮತ್ತೆ ಮೊಟ್ಟೆ, ಮತ್ತೆ ದೀಪ.

"ಬಿಟ್ಟುಬಿಟ್ಟವು ಎಲ್ಲಿಗೆ ಹೋಗ್ತವೆ?" ಎಂದು ನಾನು ಕೇಳಿದ್ದೆ.

"ಕಾಡಿಗೆ. ಅಲ್ಲಿ ಯಾರೂ ಅವುಗಳ ನಂಬರ್ ನೋಡಲ್ಲ" ಎಂದೆ ನೀನು. ನನಗೆ ಎಷ್ಟೋ ಸಮಾಧಾನವಾಯಿತು.

ನಿಮ್ಮಮ್ಮ ಆ ದಿನ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತದ್ದು ನೆನಪಾದರೆ ನನಗೆ ಈಗಲೂ ಒಬ್ಬಳೇ ಇರುವಾಗ ನಗು ಬರುತ್ತದೆ. ನಾವಿಬ್ಬರೂ ಲೋಕ ಮರೆತು ಮಾತಾಡುತ್ತಿದ್ದೆವು. "ಅಯ್ಯೋ, ಈ ಸಲಾನೂ ಹೆಣ್ಣೇ! ನನಗಂತೂ ಗಂಡೇ ಬೇಕು" ಎಂದೆ ನಾನು. "ಬಿಟ್ಬಿಡಿ ಅತ್ತಿಗೆ, ಇನ್ನೊಂದು ಮಾಡಿದ್ರಾಯ್ತು" ಎಂದೆ ನೀನು. "ಅಪ್ಪನ್ನ ಬದಲಾಯಿಸಿ ನೋಡ್ಲಾ?" ಎಂದೆ ನಾನು. ಸೌಟು ನೆಲಕ್ಕೆ ಬಿತ್ತು. "ಏನ್ರೇ ಇದು, ಮರ್ಯಾದಸ್ಥರ ಮನೇಲಿ ಆಡೋ ಮಾತಾ?" ಎಂದು ಅತ್ತೆ ಕೂಗಿದ್ದು ಕೆಳಗಿನ ಮನೆಗೂ ಕೇಳಿಸಿರಬೇಕು. ವಿಷಯ ತಿಳಿದ ಮೇಲೆ ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ದಿನಾ ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವಾಗಲೇ ಕೇಳುತ್ತಿದ್ದರು, "ಇವತ್ತು ಎಷ್ಟು ಮಕ್ಕಳಾದ್ವಮ್ಮ?" ಅತ್ತೆ ಒಳ್ಳೆಯವರು ಮರಿ. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ನಿನಗೆ ಒಂದು ವಿಷಯ ಹೇಳಿಯೇ ಇರಲಿಲ್ಲ. ಕೃತಕ ಹಲ್ಲಿನ ಸೆಟ್ ಕಟ್ಟುವ ನನ್ನ ಕೆಲಸ ಆ ಆಟ ಕಲಿತ ಮೇಲೆ ನನಗೆ ಹೆಚ್ಚು ಇಷ್ಟವಾಯಿತು. ಅದುವರೆಗೆ ಒಂದೊಂದು ಹಲ್ಲೂ ಚಂದ ಕಾಣಬೇಕು ಎಂದು ತಿಕ್ಕಿ ತಿಕ್ಕಿ ಹೊಳಪು ಕೊಡುತ್ತಿದ್ದೆ. ತಂಡ ಕಟ್ಟುವುದನ್ನು ನೀನು ಕಲಿಸಿದ ಮೇಲೆ, ಒಂದೊಂದೂ ಚಂದ ಇದ್ದು ಪ್ರಯೋಜನವಿಲ್ಲ, ಕಚ್ಚಿದಾಗ ಮೇಲಿನ ಸಾಲು ಕೆಳಗಿನ ಸಾಲು ಕೂಡಬೇಕು ಎನ್ನುವುದು ತಲೆಗೆ ಹತ್ತಿತು. ನಮ್ಮ ಲ್ಯಾಬಿನಲ್ಲಿ ಅಚ್ಚು ಹುಯ್ಯುವ ಪ್ಲಾಸ್ಟರ್ ಮಾಮ ಇದ್ದಾರಲ್ಲ, ಅವರೇ ಒಂದು ದಿನ "ಏನಮ್ಮ, ಈಗೀಗ ನಿನ್ನ ಸೆಟ್‌ಗಳು ವಾಪಸ್ಸೇ ಬರಲ್ಲ" ಎಂದರು. ನಾದಿನಿ ಹತ್ತಿರ ಟ್ಯೂಷನ್‌ಗೆ ಹೋಗ್ತೀನಿ ಎಂದೆ. ತಮಾಷೆ ಎಂದುಕೊಂಡರು.

ಎಲ್ಲರೂ ಓಡುವ ಜೀವಗಳನ್ನು ಸಾಕುತ್ತಾರೆ. ಯಾರ ವೇಗ ಹೆಚ್ಚೋ ಅವರ ಏಟು ಮೊದಲು ಬೀಳುತ್ತದೆ, ಆಟದ ನಿಯಮವೇ ಹಾಗೆ. ನೀನು ಮಾತ್ರ ಆ ಸಾಲಿಗೆ ಹೋಗಲಿಲ್ಲ. "ಅತ್ತಿಗೆ, ನಾವು ಕೂತ್ಕೊಳ್ಳೋದನ್ನ ಸಾಕೋಣ" ಎಂದೆ. ನನಗೆ ತಲೆಬುಡ ಅರ್ಥವಾಗಲಿಲ್ಲ. ಆಗ ನೀನು ಇನ್ನೊಂದು ಜೀವವನ್ನು ತೋರಿಸಿದೆ. ಅಗಲ ಕಿವಿಯ, ಸದಾ ನಿದ್ದೆಗಣ್ಣಿನ ಆ ಜೀವಕ್ಕೆ ಬೀಸಣಿಗೆ ಎಂದು ಹೆಸರಿಟ್ಟೆವು. ಅದು ಉಲ್ಟಾ ಗಾಳಿ ಬೀಸಿದರೆ ಕೆಲವು ಸರದಿಗಳ ತನಕ ಮೈದಾನದ ನಿಯಮ ತಲೆಕೆಳಗು. ಎಲ್ಲರಿಗಿಂತ ನಿಧಾನವಾದವನು ಮೊದಲು ಹೊಡೆಯುತ್ತಾನೆ. ವೇಗ ಕಮ್ಮಿಯಾದಷ್ಟೂ ಒಳ್ಳೆಯದು, ಸೊನ್ನೆಯಾದರೆ ಸ್ವರ್ಗ. ಅದನ್ನು ವಿವರಿಸುವಾಗ ನೀನು ನಿಲ್ಲಿಸದೆ ಮಾತಾಡಿದೆ ಮರಿ. ನಿಮ್ಮಣ್ಣ ಅಡುಗೆಮನೆಯಿಂದ ಇಣುಕಿ ನೋಡಿ, ಟೀವಿಯ ಸದ್ದು ಕಡಿಮೆ ಮಾಡಿ, ಸುಮ್ಮನೆ ನಿಂತು ಕೇಳಿದ. ಅದನ್ನು ನೀನು ನೋಡಲಿಲ್ಲ, ನಾನು ನೋಡಿದೆ. ಅವನನ್ನು ನಾನು ತುಂಬ ಇಷ್ಟಪಟ್ಟ ದಿನಗಳಲ್ಲಿ ಅದೂ ಒಂದು.

ಕಳೆದ ವರ್ಷ ಚಪ್ಪಲಿ ಅಂಗಡಿಯ ಮಾಳಿಗೆಯಲ್ಲಿರುವ ಗೇಮ್ ಅಂಗಡಿಯವರು ನಡೆಸಿದ ಮನೆಯವರ ಜೋಡಿ ಸ್ಪರ್ಧೆಗೆ ಹೋದೆವು. ಒಂದೇ ಮನೆಯ ಇಬ್ಬರು, ಅರ್ಧ ತಂಡ ನಿನ್ನದು, ಅರ್ಧ ನನ್ನದು. ಪಕ್ಕದ ಮೇಜಿನ ಹುಡುಗರು ನಿನ್ನ ಗುಂಡುಕಲ್ಲುಗಳನ್ನು ನೋಡಿ ಕಿಸಕ್ಕೆಂದರು. ಉಲ್ಟಾ ಗಾಳಿ ಬೀಸಿದ ಮೇಲೆ ಅವರ ಮುಖ ನೋಡಬೇಕಿತ್ತು! ನಾವು ಗೆಲ್ಲುತ್ತಾ ಗೆಲ್ಲುತ್ತಾ ಸೆಮಿಫೈನಲ್ ತನಕ ಹೋದೆವು. ಅಲ್ಲಿ ಕನ್ನಡಕದ ಚಿಕ್ಕಮ್ಮ ಮತ್ತು ಅವರ ಅಕ್ಕನ ಮಗ ಸಿಕ್ಕರು. ಅವರೂ ನಮ್ಮ ಹಾಗೆ ನಿಧಾನದವರನ್ನೇ ಸಾಕಿ ತಂದಿದ್ದರು. ಕೊನೆಗೆ ಉಳಿದದ್ದು ಅವರದೊಂದು, ನನ್ನದೊಂದು. ನನ್ನ ಗುಂಡುಕಲ್ಲಿನ ವೇಗ ಅವರದಕ್ಕಿಂತ ಒಂದೇ ಒಂದು ಅಂಕ ಹೆಚ್ಚು. ಉಲ್ಟಾ ಗಾಳಿಯಲ್ಲಿ ಅವರು ಮೊದಲು ಹೊಡೆದರು, ಮುಗಿಯಿತು.

ಬಸ್ಸಿನಲ್ಲಿ ಬರುವಾಗ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಅವಸರದವಳು ಸಾಕಿದ ಜೀವಕ್ಕೂ ಅವಸರವೇ ಎಂದು ನನಗೆ ನಾನೇ ಬೈದುಕೊಳ್ಳುತ್ತಿದ್ದೆ. ನೀನು ಕಿಟಕಿಯಿಂದ ತಲೆ ತಿರುಗಿಸಿ ಹೇಳಿದೆ, "ಮುಂದಿನ ಸಲ ನಿಮ್ಮ ಕೈಲೂ ಸೊನ್ನೆ ಇರತ್ತೆ ಅತ್ತಿಗೆ. ನಾನು ಮಾಡ್ಕೊಡ್ತೀನಿ." ನಾನು ತಲೆಯಾಡಿಸಿದೆ. ಮುಂದಿನ ಸಲ ಎಂಬುದು ಇರುತ್ತದೆ ಎಂದೇ ಇಬ್ಬರೂ ಅಂದುಕೊಂಡಿದ್ದೆವು.

ನಿಮ್ಮಣ್ಣನ ವಿಷಯ ನಿನ್ನ ಹತ್ತಿರ ಹೆಚ್ಚು ಹೇಳಬಾರದು, ಅವನು ನಿನ್ನ ಅಣ್ಣ. ಇಷ್ಟು ಹೇಳುತ್ತೇನೆ: ಅವನು ಕೆಟ್ಟವನಲ್ಲ, ನಾನೂ ಅಲ್ಲ. ನಾವು ಹೊಡೆದಾಡಿ ಬೇರೆಯಾಗಲಿಲ್ಲ. ಒಂದೇ ಮೇಜಿಗೆ ಕೂತು ಉಣ್ಣುತ್ತಾ ಒಬ್ಬರಿಗೊಬ್ಬರು ಹೇಳಲು ಏನೂ ಇಲ್ಲದ ಹಾಗಾಯಿತು. ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ. ನನ್ನಂಥವಳು ಮನೆಯಲ್ಲಿ ಮಾತು ಮರೆತೆನೆಂದರೆ ನೀನೇ ಯೋಚಿಸು. ಇಬ್ಬರೂ ಅತ್ತೆವು, ಇಬ್ಬರೂ ಒಪ್ಪಿಕೊಂಡೆವು.

ನಾನು ಹೊರಟ ದಿನ ಕೆಳಗೆ ಸಾಮಾನಿನ ಗಾಡಿ ನಿಂತಿತ್ತು. ಯಾವ ಪಾತ್ರೆ ಯಾರಿಗೆ, ಯಾವ ಬೀರು ಯಾರಿಗೆ ಎಂದೆಲ್ಲ ಮಾತಾಗಿತ್ತು. ನಮ್ಮ ಜೀವಗಳ ಬಗ್ಗೆ ಮಾತ್ರ ಯಾರೂ ಮಾತಾಡಿರಲಿಲ್ಲ. ಹಾಗೊಂದು ಆಸ್ತಿ ಇದೆ ಎಂದು ಅವರಿಗೇನು ಗೊತ್ತು? ನೀನು ಒಗೆಯುವ ಯಂತ್ರಕ್ಕೆ ಒರಗಿ ನಿಂತಿದ್ದೆ. "ನೀವು ಕೊಟ್ಟಿದ್ದನ್ನೆಲ್ಲ ವಾಪಸ್ ಕೊಡ್ಲಾ?" ಎಂದು ನೀನು ಕೇಳಿದೆ. "ಹುಚ್ಚಿ, ಇಟ್ಕೋ" ಎಂದೆ ನಾನು. "ಹಾಗಾದ್ರೆ ನೀವು..." ಎಂದು ನೀನು ಶುರು ಮಾಡಿದೆ. ನಾನು ಎಂದಿನಂತೆ ಕಾದೆ. ಗಾಡಿಯವನು ಹಾರನ್ ಹೊಡೆದ, ಮತ್ತೆ ಹೊಡೆದ. ನಿನ್ನ ಮಾತು ಮುಂದಕ್ಕೆ ಬರಲಿಲ್ಲ. ನೀನು ಬಾಲ್ಕನಿಯ ಕಡೆ ತಿರುಗಿಕೊಂಡೆ. ನಾನು ಮೆಟ್ಟಿಲು ಇಳಿದೆ.

ಕೆಲವು ದಿನ ಕಳೆದ ಮೇಲೆ ನಿಮ್ಮಮ್ಮ ಫೋನ್ ಮಾಡಿದರು. ಮೊದಲು ನನ್ನ ಊಟ, ನಿದ್ದೆ ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು, "ಅವಳು ಸರಿಯಾಗಿ ಊಟ ಮಾಡ್ತಿಲ್ಲಮ್ಮ. ಅಣ್ಣನ ಮುಖ ನೋಡಲ್ಲ ಅಂತಾಳೆ. ಈ ವರ್ಷ ದೊಡ್ಡ ಪರೀಕ್ಷೆ ಬೇರೆ ಇದೆ. ಸ್ವಲ್ಪ ದಿನ ನೀನು ಅವಳನ್ನ ಬಿಟ್ಟುಬಿಡು, ಎಲ್ಲಾ ತಿಳಿಯಾಗ್ಲಿ."

ಪಾಪ, ಅವರು ಒಳ್ಳೆಯದಕ್ಕೇ ಹೇಳಿದರು. ಆದರೆ ನಿನಗೂ ನನಗೂ ಆ ಮಾತಿಗೆ ಇರುವ ಅರ್ಥ ಅವರಿಗೆ ಗೊತ್ತಿಲ್ಲವಲ್ಲ! ಬಿಟ್ಟುಬಿಡು ಎಂದರೆ ನಾವಿಬ್ಬರೂ ಏನು ಮಾಡುತ್ತಿದ್ದೆವು? ಜೀವವನ್ನು ಆಟದ ಪೆಟ್ಟಿಗೆಯಿಂದ ತೆಗೆದು, ಗುಂಡಿ ಒತ್ತಿ, ಕಾಡಿಗೆ. ಮತ್ತೆ ಅದು ವಾಪಸ್ ಬರುವುದಿಲ್ಲ. ಅತ್ತೆಗೆ ಹೂಂ ಎಂದಿದ್ದೆ, ಅದಕ್ಕೆ ಸುಮ್ಮನಿದ್ದೆ. ಅವರು ತಾಯಿ, ನಿನ್ನನ್ನು ಕಣ್ಣೆದುರು ನೋಡುತ್ತಿರುವವರು. ಅವರ ಮಾತು ಮೀರುವುದು ನನಗೆ ಸರಿ ಕಾಣಲಿಲ್ಲ. ನನ್ನ ಮೌನ ನೋಡಿ ನೀನು ಏನೆಂದುಕೊಂಡೆಯೋ ಎಂದು ದಿನಾ ಯೋಚಿಸುತ್ತಿದ್ದೆ. ಅತ್ತಿಗೆಯೂ ಗುಂಡಿ ಒತ್ತಿಬಿಟ್ಟಳು ಎಂದುಕೊಂಡೆಯಾ? ಇಲ್ಲ ಮರಿ. ಖಂಡಿತ ಇಲ್ಲ.

ಹೀಗಿರುವಾಗ ಹೋದ ವಾರ ಮೊಟ್ಟೆ ಬಂತು. ಲ್ಯಾಬಿನಲ್ಲಿ ಊಟದ ಹೊತ್ತು. ಕೈಯ ಮೇಣ ತೊಳೆದುಕೊಂಡು ಬಂದು ಗೇಮು ತೆರೆದರೆ, ಉಡುಗೊರೆ ಪೆಟ್ಟಿಗೆಯಲ್ಲಿ ಒಂದು ಮೊಟ್ಟೆ, ನಿನ್ನ ಆಟದ ಹೆಸರು, ಮತ್ತೇನೂ ಇಲ್ಲ. ಒಂದು ಅಕ್ಷರವಾದರೂ ಬರೆಯಬಾರದಿತ್ತೇನೇ? ಕೊಟ್ಟ ಮಾತು ಉಳಿಸಿಕೊಂಡೆ, ಇನ್ನು ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ ಎಂದು ಕಳಿಸಿದೆಯೋ ಏನೋ ಎಂದು ಹೆದರಿದೆ. ನೀನು ಹಾಗೆ ಮಾಡುವವಳೇ. ಯಾರ ಋಣವನ್ನೂ ಇಟ್ಟುಕೊಳ್ಳದ ಜಾತಿ ನಿನ್ನದು.

ಮೊಟ್ಟೆ ಒಡೆಯಬೇಕಾದರೆ ಅದನ್ನು ಹೊತ್ತುಕೊಂಡು ಆಟದೊಳಗೆ ನಡೆಯಬೇಕು. ನಾನು ಊಟದ ಡಬ್ಬಿ ಮುಚ್ಚಿಟ್ಟು ನಡೆದೆ. ಹೊಳೆದಂಡೆಯಲ್ಲಿ ನಡೆದೆ, ಸೇತುವೆ ದಾಟಿದೆ, ಅಲ್ಲಿಂದ ವಾಪಸ್ ಬಂದೆ. ಚಿಪ್ಪು ಅಲ್ಲಾಡಿತು. ಗುಂಡುಕಲ್ಲು ಹೊರಗೆ ಬಂದು ಕಣ್ಣು ಪಿಳಿಪಿಳಿ ಬಿಟ್ಟಿತು. ಅದರ ಪುಟ ತೆರೆದೆ. ಬಲ ತುಂಬಿದೆ. ಗಟ್ಟಿತನ ತುಂಬಿದೆ. ಉಸಿರು ತುಂಬಿದೆ. ಎಲ್ಲವೂ ತುಂಬಿದೆ. ವೇಗ, ಸೊನ್ನೆ. ಅಯ್ಯೋ ದೇವರೇ, ಅಂಥದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಆದರೂ ನನ್ನ ಹೆದರಿಕೆ ಹೋಗಲಿಲ್ಲ, ಏಕೆಂದರೆ ಕೊನೆಯ ಉಡುಗೊರೆಯೂ ಒಳ್ಳೆಯದೇ ಇರುತ್ತದೆ. ಪುಟದ ಕೆಳಗೆ ತಂದೆ ತಾಯಿಯ ಹೆಸರು ಇರುತ್ತದಲ್ಲ, ಅಲ್ಲಿಗೆ ಇಳಿದೆ.

ತಾಯಿ: ತಲೆದಿಂಬು.

ಕಣ್ಣುಜ್ಜಿಕೊಂಡು ಮತ್ತೆ ಓದಿದೆ. ತಲೆದಿಂಬು ನಾನು ಒಡೆಸಿದ ಮೊಟ್ಟಮೊದಲ ಮೊಟ್ಟೆಯದು. ನನಗೆ ಆಗ ಹಣೆಬರಹವೂ ಗೊತ್ತಿಲ್ಲ, ದೀಪವೂ ಗೊತ್ತಿಲ್ಲ. ಸಿಕ್ಕ ಎರಡನ್ನು ಸಾಕಣೆಮನೆಯಲ್ಲಿ ಬಿಟ್ಟು, ಹುಟ್ಟಿದ ಗುಂಡುಕಲ್ಲು ಮೆತ್ತಗೆ ಕಾಣುತ್ತದೆ ಎಂದು ಆ ಹೆಸರಿಟ್ಟಿದ್ದೆ. ಅದರ ಅಂಕ ನೋಡಿ ನೀನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದೆ. ಬಲ ಇಲ್ಲ, ಗಟ್ಟಿ ಇಲ್ಲ, ಉಸಿರು ಹೆಸರಿಗೆ. ಆಟ ಸ್ವಲ್ಪ ಕಲಿತ ಮೇಲೆ ನಾನೇ ಅದನ್ನು ಬಿಟ್ಟುಬಿಡಲು ಹೊರಟಿದ್ದೆ. ನೀನು ಗೇಮಿನ ಮೇಲೆ ಅಂಗೈ ಇಟ್ಟು "ನನಗೆ ಕೊಡಿ" ಎಂದೆ. ಕೊಟ್ಟು ಮರೆತಿದ್ದೆ.

ಬೇರೆ ಯಾರಿಗಾದರೂ ಇದನ್ನು ಹೇಳಿದರೆ ಅರ್ಥವಾಗುವುದಿಲ್ಲ, ನಿನಗೆ ಹೇಳಬೇಕಾಗಿಯೇ ಇಲ್ಲ. ಸಾಕಣೆ ಗೊತ್ತಿರುವ ಯಾರೂ ತಲೆದಿಂಬಿನಂಥದ್ದನ್ನು ತಾಯಿಯಾಗಿ ಇಡುವುದಿಲ್ಲ. ಸೊನ್ನೆ ವೇಗದ ಒಳ್ಳೆಯ ತಾಯಂದಿರು ನಿನ್ನ ಪೆಟ್ಟಿಗೆ ತುಂಬ ಇದ್ದರು. ಅವರಿಂದಾದರೆ ನಾಲ್ಕಾರು ಸಂಜೆಯಲ್ಲಿ ಇಂಥ ಮರಿ ಸಿಗುತ್ತಿತ್ತು. ತಲೆದಿಂಬಿನಿಂದ ಇಂಥ ಮಗಳು ಹುಟ್ಟಬೇಕಾದರೆ ಒಳ್ಳೆಯದೆಲ್ಲ ತಂದೆಯಿಂದ ಬರಬೇಕು, ಉಳಿದದ್ದೆಲ್ಲ ಹಣೆಬರಹ ಕೊಡಬೇಕು, ಎರಡೂ ಒಂದೇ ಮೊಟ್ಟೆಯಲ್ಲಿ ಕೂಡಿಬರಬೇಕು. ಎಷ್ಟು ಮೊಟ್ಟೆ ಮರಿ? ಎಷ್ಟು ಸಲ ಆ ಅಜ್ಜಿಯ ದೀಪ? ನಾನು ಇಲ್ಲಿ ನಿನ್ನ ಮೌನ ನೋಡಿ ಕೊರಗುತ್ತಿದ್ದ ಅಷ್ಟೂ ತಿಂಗಳು ನೀನು ಅಲ್ಲಿ ಮೂಲೆಯಲ್ಲಿ ಕೂತು ನನ್ನ ಆ ದಡ್ಡ ಪ್ರಾಣಿಯನ್ನು ಸಾಕಣೆಮನೆಗೆ ಕಳಿಸುತ್ತಲೇ ಇದ್ದೆ. ಕೊನೆಗೆ ಸಿಕ್ಕಿದ್ದನ್ನೂ ನೀನು ಒಡೆಸಲಿಲ್ಲ. ಯಾರ ಕೈಯಲ್ಲಿ ಒಡೆಯುತ್ತದೋ ಅವರದೇ ಮರಿ, ಅವರೇ ಹೆಸರಿಡಬೇಕು, ಅದಕ್ಕೇ ಮೊಟ್ಟೆಯಾಗಿಯೇ ಕಳಿಸಿದೆ.

ಋಣ ತೀರಿಸುವವರು ಇಷ್ಟು ಕಷ್ಟಪಡುವುದಿಲ್ಲ ಕಣೇ. ಅಷ್ಟು ನನಗೂ ಗೊತ್ತು.

ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಸುತ್ತಲೂ ಮೇಣದಲ್ಲಿ ಕೂರಿಸಿದ ಹಲ್ಲಿನ ಸಾಲುಗಳು ನಗುತ್ತಿವೆ, ನಡುವೆ ನಾನು ಮೂಗು ಒರೆಸಿಕೊಳ್ಳುತ್ತಿದ್ದೇನೆ. ಪ್ಲಾಸ್ಟರ್ ಮಾಮ ಓಡಿ ಬಂದರು. "ಏನಾಯ್ತಮ್ಮ, ಪುಡಿ ಕಣ್ಣಿಗೆ ಬಿತ್ತಾ?" "ಇಲ್ಲ ಮಾಮ, ಹೆಣ್ಣು ಮಗುವಾಯ್ತು." "ಯಾರಿಗೆ?" "ತಲೆದಿಂಬಿಗೆ." ಅವರು ನನ್ನನ್ನು ಒಂದು ಸಲ ನೋಡಿ, ತಮ್ಮ ಸ್ಟೂಲನ್ನು ಸ್ವಲ್ಪ ದೂರಕ್ಕೆ ಎಳೆದುಕೊಂಡು ಕೂತರು. ಸಂಜೆ ಮಾತ್ರ ಯಾರಿಗೂ ಹೇಳದೆ ನನ್ನ ಪಾಲಿನ ಎರಡು ಅಚ್ಚು ತಾವೇ ಹುಯ್ದಿಟ್ಟಿದ್ದರು.

ಮಾರನೆಯ ದಿನ ಕೆಲಸ ಮುಗಿಸಿ ನೇರ ಗೇಮ್ ಅಂಗಡಿಗೆ ಹೋದೆ. ಈ ವರ್ಷದ ಜೋಡಿ ಸ್ಪರ್ಧೆಗೆ ಹೆಸರು ಬರೆಸಿಕೊಳ್ಳುತ್ತಿದ್ದರು. ಈ ಸಲ ಒಬ್ಬ ಹೊಸ ಹುಡುಗ ಮೇಜಿನ ಹಿಂದೆ ಕೂತಿದ್ದ. ಹೊರಗಿನ ಗಟ್ಟಿ ಆಟಗಾರರನ್ನು ಕರೆತಂದು ಮನೆಯವರು ಎಂದು ಹೇಳಿ ಕೆಲವರು ಗೆದ್ದುಕೊಂಡು ಹೋದರಂತೆ, ಅದಕ್ಕೆ ಈ ಸಲ ಬಿಗಿ. ನನ್ನ ಹೆಸರು ಹೇಳಿದೆ, ನಿನ್ನ ಹೆಸರು ಹೇಳಿದೆ. ಅವನು ತಲೆಯೆತ್ತದೆ ಕೇಳಿದ, "ಇವರು ನಿಮಗೆ ಏನಾಗಬೇಕು?"

ಎಷ್ಟು ಸಾವಿರ ಸಲ ಕೇಳಿರುವ ಮಾತು ಅದು! ಮದುವೆಯ ಮನೆಯಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರು ಸಹ ಕೇಳುತ್ತಾರೆ. ಹಿಂದೆ ಸಾಲು ನಿಂತಿದೆ, ಯಾರೋ ಕೆಮ್ಮಿದರು. ಏನು ಹೇಳಲಿ? ಮಾಜಿ ಮಂತ್ರಿ ಇರುತ್ತಾರೆ, ಮಾಜಿ ಗಂಡ ಎಂದೂ ಈಗೀಗ ಜನ ಹೇಳುತ್ತಾರೆ. ಮಾಜಿ ನಾದಿನಿ ಎಂದು ಯಾರಾದರೂ ಹೇಳಿದ್ದು ಕೇಳಿದ್ದೀಯಾ? ನನಗೆ ಅಲ್ಲೇ ನಗು ಬಂತು. ಅಂಥ ಪದವೇ ಇಲ್ಲ ಮರಿ. ನಿನ್ನನ್ನು ತೆಗೆದುಹಾಕಲು ಯಾರೂ ಒಂದು ಪದ ಮಾಡಿಟ್ಟಿಲ್ಲ.

"ನಾದಿನಿ" ಎಂದೆ.

"ಅಂದ್ರೆ ನಿಮ್ಮೆಜಮಾನ್ರ ತಂಗಿ" ಎಂದು ಅವನು ಬರೆಯಲು ಹೊರಟ.

"ಎಜಮಾನ್ರು ಯಾರೂ ಇಲ್ಲಪ್ಪ. ಇವಳು ನನ್ನ ನಾದಿನಿ."

ಅವನು ತಲೆಯೆತ್ತಿದ. ಗಂಡನಿಲ್ಲದೆ ನಾದಿನಿ ಎಲ್ಲಿಂದ ಬಂದಳು ಎಂದು ಲೆಕ್ಕ ಹಾಕುತ್ತಿದ್ದ, ಮುಖದಲ್ಲೇ ಕಾಣುತ್ತಿತ್ತು. ನಾನು ಅವನ ಕಣ್ಣು ತಪ್ಪಿಸಲಿಲ್ಲ. ನನ್ನ ಮುಖ ನೋಡಿ ಇನ್ನೊಂದು ಪ್ರಶ್ನೆ ಕೇಳುವ ಧೈರ್ಯ ಅವನಿಗೆ ಬರಲಿಲ್ಲವೋ, ಹಿಂದಿನ ಸಾಲು ಉದ್ದವಾಗಿತ್ತೋ, "ಆಯ್ತು ಮೇಡಂ" ಎಂದು ಬರೆದುಕೊಂಡ.

ನಿನ್ನನ್ನು ಕೇಳದೆ ನಿನ್ನ ಹೆಸರು ಕೊಟ್ಟಿದ್ದೇನೆ, ಬೈಯುವುದಿದ್ದರೆ ಬೈಯಿ. ನಿನ್ನ ಪರೀಕ್ಷೆ ಮುಗಿದ ಮೇಲಿನ ಭಾನುವಾರ, ಬೆಳಿಗ್ಗೆ. ನಿಮ್ಮಮ್ಮನಿಗೆ ಹೇಳಿಯೇ ಬಾ. ಅವರಿಗೂ ನಾನು ಇವತ್ತು ಫೋನ್ ಮಾಡಿ, ಇನ್ನು ಅವಳನ್ನು ಬಿಟ್ಟಿರಲು ನನ್ನಿಂದಾಗುವುದಿಲ್ಲ ಅತ್ತೆ ಎಂದು ಹೇಳಿಬಿಡುತ್ತೇನೆ. ಬೀಸಣಿಗೆ ಮೊದಲು ಇಳಿಯಲಿ, ಅದರ ಪಕ್ಕ ನಿನ್ನ ದೊಡ್ಡ ಗುಂಡುಕಲ್ಲು, ಹೊಸ ಮಗಳು ಕೊನೆಗೆ. ಅವಳಿಗೆ ಇನ್ನೂ ಹೆಸರಿಟ್ಟಿಲ್ಲ. ಆಟ ಕೇಳಿತು, "ಆಮೇಲೆ" ಎಂದು ಒತ್ತಿದ್ದೇನೆ. ಅವಳಿಗೆ ನಾನು ಅಮ್ಮ ಎಂದಾದರೆ ನೀನು ಅತ್ತೆ. ಅತ್ತೆ ಬರದೆ ನಾನೊಬ್ಬಳೇ ಹೆಸರಿಡುವುದು ಹೇಗೆ? ಕನ್ನಡಕದ ಚಿಕ್ಕಮ್ಮನೂ ಹೆಸರು ಬರೆಸಿದ್ದಾರೆ, ನೋಡಿಕೊಂಡು ಬಂದೆ.

ನಿನಗೆ ಬರಲು ಆಗದಿದ್ದರೆ, ಅಥವಾ ಬರಲು ಮನಸ್ಸಾಗದಿದ್ದರೆ, ಅದಕ್ಕೂ ಬೇಜಾರಿಲ್ಲ. ಒಬ್ಬರೇ ಆಡಲು ಬಿಡುವುದಿಲ್ಲ, ನಮ್ಮ ಜೋಡಿಯನ್ನು ಕೈಬಿಡುತ್ತಾರೆ, ನಾನು ಕೆಳಗೆ ಬಂದು ಒಂದು ಟೀ ಕುಡಿದು ಮನೆಗೆ ಹೋಗುತ್ತೇನೆ. ಮುಂದಿನ ವರ್ಷ ಮತ್ತೆ ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆ. ಏನಾಗಬೇಕು ಎಂದು ಅವರು ಕೇಳುತ್ತಾರೆ. ನನ್ನ ಉತ್ತರ ಬದಲಾಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪರೀಕ್ಷೆಯನ್ನು ಚೆನ್ನಾಗಿ ಬರಿ. ನಿಮ್ಮಣ್ಣನ ಜೊತೆ ಮಾತಾಡು ಮರಿ, ಅವನಿಗೂ ಮನೆಯಲ್ಲಿ ಒಂದು ದನಿ ಬೇಕು. ನೀನು ಅವನ ಪಕ್ಕ ನಿಂತರೆ ನನ್ನ ಪಾಲಿನದು ಏನೂ ಕಡಿಮೆಯಾಗುವುದಿಲ್ಲ. ಯಾರ ಕಡೆ ಎಂದು ಆರಿಸಿಕೊಳ್ಳುವ ಕಷ್ಟ ನಿನಗೆ ಎಂದೂ ಬಾರದಿರಲಿ, ಎಲ್ಲಿದ್ದರೂ ನಿನ್ನ ಮನಸ್ಸು ತಣ್ಣಗಿರಲಿ.

ಯಾರು ಕೇಳಿದರೂ, ಯಾವಾಗ ಕೇಳಿದರೂ,
ನಿನ್ನ ಅತ್ತಿಗೆ